ಮುತ್ಯಾನ ಹಿಂದಿನ ಗೋಡೆ

ಹಾಲಬಾವಿಯ ಅಗ್ನಿಶಾಮಕ ಠಾಣೆಯಲ್ಲಿ ಹನ್ನೊಂದು ಜನ ಸಿಬ್ಬಂದಿ, ಒಂದು ಕೆಂಪು ಗಾಡಿ ಮತ್ತು ಒಬ್ಬ ಮುತ್ಯಾ ಇದ್ದರು. ಮುತ್ಯಾ ಎಂದರೆ ಹಿತ್ತಲ ಕೋಣೆಯಲ್ಲಿ, ತಗಡಿನ ಮಾಡಿನ ಕೆಳಗೆ ಕುಳಿತಿದ್ದ ಡೀಸೆಲ್ ಜನರೇಟರು. ಸಿಂದಗಿಯಿಂದ ಇಂಡಿಗೆ ಹೋಗುವ ದಾರಿಯಲ್ಲಿ ಈ ಸಣ್ಣ ಠಾಣೆ ಶುರುವಾದ ವರ್ಷ, ಬೇರೆಲ್ಲೋ ದುಡಿದು ಸವೆದಿದ್ದ ಆ ಯಂತ್ರವನ್ನು ಲಾರಿಯಲ್ಲಿ ತಂದು ಇಳಿಸಿದ್ದರು. ಮೊದಲ ದಿನ ಅದು ಕೆಮ್ಮಿ, ಕರಿ ಹೊಗೆ ಉಗುಳಿ, ಮೈಯೆಲ್ಲ ನಡುಗಿಸಿಕೊಂಡು ಎದ್ದದ್ದನ್ನು ಕಂಡು ಯಾರೋ, "ಮುತ್ಯಾ ಎದ್ದ ನೋಡ್ರಲೇ!" ಎಂದಿದ್ದರು. ಅಜ್ಜನ ಆ ಹೆಸರು ಅಲ್ಲೇ ನಿಂತಿತು.

ಕರೆಂಟು ಹೋದಾಗ ಠಾಣೆಯ ಬೋರಿನ ಮೋಟರು ನಡೆಯಬೇಕೆಂದರೆ ಮುತ್ಯಾ ಏಳಬೇಕು. ಮೋಟರು ನಡೆಯದಿದ್ದರೆ ಗಾಡಿಯ ಹೊಟ್ಟೆಗೆ ನೀರಿಲ್ಲ. ನೀರಿಲ್ಲದ ಮೇಲೆ ಅದು ಗಂಟೆ ಕಟ್ಟಿಕೊಂಡ ಕೆಂಪು ಲಾರಿ, ಅಷ್ಟೇ.

ಮುತ್ಯಾನನ್ನು ಎಬ್ಬಿಸುವ ಕೆಲಸ ಹಣಮಂತ್ರಾಯನದು. ಇಂಗಳೇಶ್ವರದ ಒಕ್ಕಲುತನದ ಮನೆಯಿಂದ ಬಂದು ಚಾಲಕನೂ ಮೆಕ್ಯಾನಿಕನೂ ಆಗಿ ಇಪ್ಪತ್ತೆರಡು ವರ್ಷ ಇದೇ ಠಾಣೆಯಲ್ಲಿ ಕಳೆದಿದ್ದ. ಬೇರೆಯವರು ಹ್ಯಾಂಡಲ್ ತಿರುವಿದರೆ ಮುತ್ಯಾ ಒಮ್ಮೆ ನರಳಿ ಸುಮ್ಮನಾಗುತ್ತಿದ್ದ. ಹಣಮಂತ್ರಾಯ ಹ್ಯಾಂಡಲ್ ಹೊಡೆದರೂ ಒಂದೇ ಸಲಕ್ಕೆ ಏಳುತ್ತಿರಲಿಲ್ಲ. ಆಗ ಅವನು ಡೀಸೆಲ್‌ನಲ್ಲಿ ಅದ್ದಿದ ಹತ್ತಿಯ ಉಂಡೆಯನ್ನು ತಂತಿಗೆ ಸುತ್ತಿ, ಕಡ್ಡಿ ಗೀರಿ, ಆ ಉರಿಯನ್ನು ಯಂತ್ರ ಗಾಳಿ ಎಳೆದುಕೊಳ್ಳುವ ಬಾಯಿಗೆ ಹಿಡಿಯುತ್ತಿದ್ದ. ಬೆಚ್ಚನೆ ಗಾಳಿ ಒಳಗೆ ಹೋದ ಮೇಲೆ ಮತ್ತೆ ಹ್ಯಾಂಡಲ್. ಬೆಂಕಿ ಆರಿಸುವ ಠಾಣೆಯಲ್ಲಿ ಮೊದಲು ಬೆಂಕಿ ಹಚ್ಚಿದರೆ ಮಾತ್ರ ನೀರು ಬರುತ್ತಿತ್ತು.

"ಆರತಿ ಆತೇನ್ರಿ ಕಾಕಾ?" ಎಂದು ಪರಶು ಕಿಟಕಿಯಿಂದ ಕೂಗುತ್ತಿದ್ದ. ಪರಶು ಠಾಣೆಯ ಅಗ್ನಿಶಾಮಕ, ಬಾಯಿ ಸುಮ್ಮನಿರದ ಆಳು.

"ಆತಲೇ. ಬಾ, ಪ್ರಸಾದ ತುಗೊಂಡು ಹೋಗು. ಒಂದು ಬಕೀಟು ಹೊಗಿ ಐತಿ."

ಆ ಹತ್ತಿ ಬರುತ್ತಿದ್ದದ್ದು ಬಸ್ ನಿಲ್ದಾಣದ ಹಿಂದಿನ ಗಾದಿ ಅಂಗಡಿಯ ರಸೂಲಸಾಬನಿಂದ. ಹಳೆಯ ಗಾದಿ ಬಿಚ್ಚಿದಾಗ ಉಳಿಯುವ, ಗಂಟು ಬಿದ್ದು ಮತ್ತೆ ಹಿಂಜಲು ಬಾರದ ಹತ್ತಿಯನ್ನು ಅವನು ಚೀಲದಲ್ಲಿ ಕೂಡಿಟ್ಟು, ಪ್ರತಿ ಶುಕ್ರವಾರ ನಮಾಜು ಮುಗಿಸಿ ಬರುವಾಗ ಠಾಣೆಯ ಗೇಟಿನಲ್ಲಿ ಸೈಕಲ್ ನಿಲ್ಲಿಸುತ್ತಿದ್ದ.

"ಲೇ ಹಣಮಂತಾ, ನಿನ್ನ ಮುತ್ಯಾಗ ತಲಿದಿಂಬು ತಂದೇನಿ ನೋಡು."

"ಅಂವಗ ದಿಂಬು ಬ್ಯಾಡೋ, ಕಡ್ಡಿಪೆಟ್ಟಿಗಿ ಬೇಕು."

ಇಪ್ಪತ್ತು ವರ್ಷದಲ್ಲಿ ಇಬ್ಬರೂ ಈ ಮಾತನ್ನು ಎಷ್ಟು ಸಲ ಆಡಿದ್ದರೋ. ಆದರೂ ಪ್ರತಿ ಸಲ ನಗುತ್ತಿದ್ದರು.

ಹತ್ತು ಸಲ ಹೊಡೆದರೂ ಮುತ್ಯಾ ಏಳದ ದಿನ ಹಣಮಂತ್ರಾಯ ಯಂತ್ರದ ಹಿಂದಿನ ಗೋಡೆಗೆ ಬೆರಳ ಮಸಿಯಿಂದ ಒಂದು ಗೆರೆ ಎಳೆಯುತ್ತಿದ್ದ. ಅವನ ಅಪ್ಪ ರಾಶಿಯ ದಿನ ಜೋಳದ ಚೀಲಗಳನ್ನು ಹಾಗೇ ಎಣಿಸುತ್ತಿದ್ದ. ಐದನೆಯದು ಅಡ್ಡಗೆರೆ. ಗೋಡೆಯ ಮೇಲೆ ಹೀಗಿದ್ದರೆ, ಠಾಣೆಯ ಲಾಗ್ ಬುಕ್ಕಿನಲ್ಲಿ ಬೇರೆ ಇತ್ತು. ಅಲ್ಲಿ ಅವನ ದುಂಡನೆಯ ಅಕ್ಷರದಲ್ಲಿ ವರ್ಷದುದ್ದಕ್ಕೂ ಒಂದೇ ಸಾಲು: ಜನರೇಟರ್ ಸುಸ್ಥಿತಿಯಲ್ಲಿದೆ.

ಹಾಗೆ ಬರೆಯಲು ಅವನಿಗೆ ಯಾರೂ ಹೇಳಿರಲಿಲ್ಲ, ಬರೆಯಬೇಡವೆಂದೂ ಹೇಳಿರಲಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಮಾಳಿಗೆ ಸೋರುವ ಮಾತನ್ನು ಯಾವ ಮನೆಯವರು ತೆಗೆಯುತ್ತಾರೆ? ಮೇಲಿನವರು ತಪಾಸಣೆಗೆ ಬರುತ್ತಾರೆಂದರೆ ಠಾಣೆಯಲ್ಲಿ ಗಂಟೆ ತಿಕ್ಕುತ್ತಿದ್ದರು, ಬೂಟಿಗೆ ಪಾಲಿಶು, ಕಟ್ಟೆಗೆ ಕೆಮ್ಮಣ್ಣು. ಹಣಮಂತ್ರಾಯ ಆ ದಿನ ಬೆಳಿಗ್ಗೆಯೇ ಬಂದು ಮುತ್ಯಾನನ್ನು ಹೇಗೋ ಎಬ್ಬಿಸಿ, ಒಂದು ತಾಸು ಓಡಿಸಿ, ಮೈ ಕಾಯಿಸಿ ಇಡುತ್ತಿದ್ದ. ಸಾಹೇಬರು ಬಂದು ನಿಂತಾಗ ಒಂದೇ ಹೊಡೆತಕ್ಕೆ ಯಂತ್ರ ಗುಡುಗಿ ಏಳುತ್ತಿತ್ತು. "ನಿಮ್ಮ ಕೈಯಾಗ ಮುದುಕ ಹುಡುಗ ಆಗ್ಯಾನ ಬಿಡ್ರಿ" ಎಂದು ಅವರು ಬೆನ್ನು ತಟ್ಟಿ ಹೋಗುತ್ತಿದ್ದರು. ಹಿಂದಿನ ವರ್ಷ ವಿಜಯಪುರದಿಂದ ಬಂದ ಕಿರಿಯ ಇಂಜಿನಿಯರ್ ಪ್ರಜ್ಞಾ ಕೂಡ ಹಾಗೇ ನೋಡಿ, ಹಾಗೇ ಬರೆದುಕೊಂಡು ಹೋಗಿದ್ದಳು. ಈ ಠಾಣೆಗೆಂದು ಪಟ್ಟಿಯಲ್ಲಿದ್ದ ಹೊಸ ಜನರೇಟರು ಬೇರೆ ಊರಿಗೆ ಹೋಯಿತು. ಆ ಸುದ್ದಿ ಕೇಳಿ ಅವನಿಗೆ ಬೇಸರವಾಗಬೇಕಿತ್ತು. ಒಳಗೊಳಗೆ ಆದದ್ದು ಹಿಗ್ಗು, ಮುತ್ಯಾ ತನ್ನ ಕೈಯಲ್ಲೇ ಉಳಿದನಲ್ಲ ಎಂದು.

ಆ ಹಿಗ್ಗಿನ ಬೆಲೆ ಅವನಿಗೆ ತಿಳಿದದ್ದು ಈ ವರ್ಷದ ಮಾರ್ಚಿಯ ಒಂದು ಬುಧವಾರ. ಲೈನಿನ ಕೆಲಸವೆಂದು ಬೆಳಿಗ್ಗೆಯಿಂದ ಊರಿಗೆ ಕರೆಂಟಿರಲಿಲ್ಲ. ಮಧ್ಯಾಹ್ನ ಕಬ್ಬಿನ ತೋಟವೊಂದಕ್ಕೆ ಬೆಂಕಿ ಬಿದ್ದು, ಗಾಡಿ ಅಲ್ಲಿ ಹನಿ ನೀರೂ ಉಳಿಯದಂತೆ ಖಾಲಿಯಾಗಿ ಬಂದಿತ್ತು. ಠಾಣೆಯ ಮೇಲಿನ ನೀರಿನ ಟ್ಯಾಂಕೂ ಒಣಗಿತ್ತು. ಸಿಬ್ಬಂದಿ ಬೂಟಿನ ಲಾಡಿ ಬಿಚ್ಚುತ್ತಿರುವಾಗಲೇ ಸೈಕಲ್ ಅಂಗಡಿಯ ಯುನೂಸ ಮೋಟರ್‌ಸೈಕಲ್ಲನ್ನು ಗೇಟಿನೊಳಗೇ ನುಗ್ಗಿಸಿದ.

"ಕಾಕಾ! ರಸೂಲಸಾಬನ ಅಂಗಡಿಗಿ ಬೆಂಕಿ ಬಿದ್ದೈತ್ರಿ! ಲಗೂನ ಬರ್ರಿ!"

ಅಂಗಡಿ ಇದ್ದದ್ದು ಅರ್ಧ ಕಿಲೋಮೀಟರಿಗೂ ಕಡಿಮೆ ದೂರದಲ್ಲಿ. ಪರಶು ಮತ್ತು ಇನ್ನಿಬ್ಬರು ಕೈಗೆ ಸಿಕ್ಕ ಬೆಂಕಿ ಆರಿಸುವ ಸಿಲಿಂಡರು, ಕೊಕ್ಕೆ ಹಿಡಿದು ಓಡಿದರು. ಠಾಣಾಧಿಕಾರಿ ಅನಿಲಕುಮಾರ ಸಿಂದಗಿಯ ಗಾಡಿಗೆ ಫೋನು ಹಚ್ಚಿದ. ಅದು ಬರಲು ಅರ್ಧ ತಾಸಾದರೂ ಬೇಕು. ಹಣಮಂತ್ರಾಯ ಮುತ್ಯಾನ ಕೋಣೆಗೆ ಓಡಿದ.

ಹತ್ತು ಸಲ ಹೊಡೆದ. ಇಪ್ಪತ್ತು ಸಲ ಹೊಡೆದ. ಮುತ್ಯಾ ನರಳಿದ, ಏಳಲಿಲ್ಲ. ಹತ್ತಿಯ ಉಂಡೆ ಸುತ್ತಿ, ಉರಿ ಹಚ್ಚಿ, ಬಾಯಿಗೆ ಹಿಡಿದ. ಬೇವಿನ ಮರದಾಚೆ ಆಕಾಶದಲ್ಲಿ ಹೊಗೆ ದಪ್ಪವಾಗುತ್ತಿತ್ತು. ಇಲ್ಲಿ ಅವನ ಕೈಯಲ್ಲಿ ಉರಿಯುತ್ತಿದ್ದದ್ದು ರಸೂಲಸಾಬನ ಹತ್ತಿ. ಅಲ್ಲಿ ಉರಿಯುತ್ತಿದ್ದದ್ದೂ ಅವನ ಹತ್ತಿಯೇ. ಒಂದು ಉಂಡೆ ಮುಗಿಯಿತು, ಎರಡನೆಯದು ಮುಗಿಯಿತು. ಅಂಗೈಯ ಸಿಪ್ಪೆ ಸುಲಿದು ಹ್ಯಾಂಡಲ್ ಒದ್ದೆಯಾಗಿ ಜಾರತೊಡಗಿತು. "ಏಳೋ ಯಪ್ಪಾ, ಇದೊಂದು ಸಲ ಏಳು" ಎಂದು ಅವನು ಗೋಗರೆಯುತ್ತಿದ್ದದ್ದು ಬಾಗಿಲಲ್ಲಿ ನಿಂತಿದ್ದ ಅನಿಲಕುಮಾರನಿಗೂ ಕೇಳಿಸಿತು.

ಮುತ್ಯಾ ಎದ್ದಾಗ ಅನಿಲಕುಮಾರನ ಗಡಿಯಾರದಲ್ಲಿ ಹತ್ತೊಂಬತ್ತು ನಿಮಿಷ ಕಳೆದಿತ್ತು. ಗಾಡಿಗೆ ಕಾಲು ಟ್ಯಾಂಕು ನೀರು ತುಂಬಿಸಿಕೊಂಡು ಹೊರಟರು. ಅಂಗಡಿ ಹೋಗಿತ್ತು, ಹಿಂದಿನ ಮನೆ ಉಳಿಯಿತು. ರಸೂಲಸಾಬನನ್ನು ಯಾರೋ ಆಗಲೇ ಆಟೋದಲ್ಲಿ ಮಲಗಿಸಿದ್ದರು. ಯಾರದೋ ಮನೆಯ ಮದುವೆಗೆಂದು ಹೊಲಿದು ಮುಗಿಸಿಟ್ಟಿದ್ದ ನಾಲ್ಕು ಗಾದಿಗಳನ್ನು ಹೊರಗೆ ಎಳೆಯಲು ಅವನು ಒಳಗೆ ಹೋಗಿದ್ದ. ಎರಡು ಗಾದಿ ಬಂದವು. ಎರಡೂ ಕೈ ಸುಟ್ಟಿದ್ದವು.

ಅಂದು ಸಂಜೆ ಹಣಮಂತ್ರಾಯ ಲಾಗ್ ಬುಕ್ಕಿನಲ್ಲಿ ಬರೆದ: ಜನರೇಟರ್ ಸುಸ್ಥಿತಿಯಲ್ಲಿದೆ. ನೀರು ತುಂಬಿಕೊಂಡು ತೆರಳಲಾಯಿತು. ಅನಿಲಕುಮಾರ ಓದಿ, ಅವನ ಮುಖ ನೋಡದೆ ಸಹಿ ಹಾಕಿದ. ಆಮೇಲೆ ಹಣಮಂತ್ರಾಯ ಕೋಣೆಗೆ ಹೋಗಿ ಗೋಡೆಗೆ ಇನ್ನೊಂದು ಗೆರೆ ಎಳೆದ. ಬೆರಳು ಅಲ್ಲೇ ನಿಂತು, ಅದರ ಮೇಲೇ ಮತ್ತೆ ಮತ್ತೆ ಓಡಾಡಿ, ಆ ಗೆರೆ ಉಳಿದವಕ್ಕಿಂತ ದಪ್ಪವಾಯಿತು.

ರಸೂಲಸಾಬ ವಿಜಯಪುರದ ಆಸ್ಪತ್ರೆಯಲ್ಲಿ ಮೂರು ವಾರ ಇದ್ದ. ಮನೆಗೆ ಬಂದ ವಾರದಲ್ಲೇ ಅವನ ಹೆಂಡತಿ ಶಮಶಾದಬಿ ಠಾಣೆಗೆ ಬಂದಳು. ಬಿಳಿ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಚಟ್ನಿ.

"ಎಲ್ಲಾರೂ ತಿನ್ರಿ ಅಣ್ಣಾ. ನೀವು ಬರಲಿಲ್ಲಂದ್ರ ಮನಿನೂ ಹೋಗ್ತಿತ್ತು."

"ಕೈ ಹ್ಯಾಂಗ ಅದಾವವ್ವಾ?" ಹಣಮಂತ್ರಾಯ ಕೇಳಿದ.

"ಎಡಗೈ ಬಾಳ ಆರಾಮ ಐತ್ರಿ. ಬಲಗೈ ಬೆರಳು ಬಗ್ಗವಲ್ದು. ಸೂಜಿ ಹಿಡ್ಯಾಕ ಬರಂಗಿಲ್ಲ." ಅವಳು ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು. "ಓಣ್ಯಾಗ ಮಂದಿ ಅಂತಾರ್ರಿ, ಗಾಡಿ ತಡಾ ಬಂತು ಅಂತ. ಇವರು ಅವರ ಮ್ಯಾಲೆ ಸಿಟ್ಟಾಗ್ತಾರ. ಅಲ್ಲಿ ಹಣಮಂತ ಇದ್ದಾನ, ಅಂವ ತಡಾ ಮಾಡಾಂವ ಅಲ್ಲ, ನೀವು ಬಾಯಿ ಮುಚ್ಚರಿ ಅಂತಾರ."

ಪರಶು ಎರಡು ರೊಟ್ಟಿ ತಿಂದ. ಹಣಮಂತ್ರಾಯ ಕೈಯಲ್ಲಿ ಹಿಡಿದ ತುಂಡು ಮುರಿದು ಮುರಿದು ಪುಡಿಯಾಯಿತು. ಅದನ್ನು ಕಂಡ ಶಮಶಾದಬಿ, "ಬಿರುಸ ಆಗ್ಯಾವೇನ್ರಿ? ನಾಳಿ ಮೆತ್ತನ್ನವು ತರ್ತೇನಿ" ಎಂದಳು.

ಮನೆಯಲ್ಲಿ ಅವನ ಹೆಂಡತಿ ಚನ್ನವ್ವ ತಾಟು ತೆಗೆಯುವಾಗ ದಿನವೂ ಅನ್ನ ಉಳಿದಿರುವುದನ್ನು ನೋಡುತ್ತಿದ್ದಳು, ಕೇಳಲಿಲ್ಲ. ಮೇ ತಿಂಗಳಲ್ಲಿ ಒಂದು ಸಂಜೆ ಅವನೇ ಹೇಳಿದ. ಪ್ರಜ್ಞಾ ಮೇಡಂ ನಾಳಿದ್ದು ಮತ್ತೆ ಜನರೇಟರ್ ನೋಡಲು ಬರುತ್ತಾರೆ, ಕೋಣೆಗೆ ಸುಣ್ಣ ಹೊಡೆಸಿ ಮುತ್ಯಾನನ್ನು ಕಾಯಿಸಿಡಲು ಅನಿಲಕುಮಾರ ಸಾಹೇಬರು ಹೇಳಿದ್ದಾರೆ ಎಂದ. ಉಳಿದದ್ದನ್ನೂ ಹೇಳಿದ.

ಚನ್ನವ್ವ ಕೊಲ್ಹಾರದವಳು. ಹಳೆಯ ಕೊಲ್ಹಾರ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದಾಗ ತವರಿನವರು ಹೊಸ ಊರಿಗೆ ಬಂದಿದ್ದರು. ಅವಳು ಅಂದಳು:

"ನಮ್ಮಪ್ಪನೂ ಹಿಂಗಽ ಮಾಡಿದ್ದ. ಪರಿಹಾರಕ್ಕ ಮನಿ ಅಳ್ಯಾಕ ಸಾಹೇಬ್ರು ಬರ್ತಾರ ಅಂತ ಗ್ವಾಡಿಗೆಲ್ಲ ಸುಣ್ಣಾ ಹಚ್ಚಿಸಿದ. ಆರು ತಿಂಗಳಿಗೆ ಹೊಳಿ ಬಂದು ಕುಂತ್ತು. ಮುಳಗೋ ಮನಿಗೆ ಯಾಕ ಸುಣ್ಣಾ ಅಂತ ನಮ್ಮವ್ವ ಆಗಽ ಕೇಳಿದ್ಲು."

"ನಾ ಏನು ಮಾಡ್ಲಿ?"

"ನನ್ನ ಏನು ಕೇಳ್ತಿ? ನಿನಗ ಗೊತ್ತಿಲ್ಲೇನು?" ಎಂದು ಅವಳು ಅವನ ತಾಟಿಗೆ ಇನ್ನೊಂದು ಚಮಚ ಮೊಸರು ಹಾಕಿದಳು.

ಅವನು ಯೋಚಿಸಿದ. ನಿವೃತ್ತಿಗೆ ನಾಲ್ಕು ತಿಂಗಳು. ಈಗ ಬಾಯಿ ಬಿಟ್ಟರೆ ಇಪ್ಪತ್ತೆರಡು ವರ್ಷದ ಬುಕ್ಕು ಸುಳ್ಳಾಗುತ್ತದೆ. ವಿಚಾರಣೆ, ನೋಟೀಸು. ಕಡೆಯ ದಿನ ಹಾರ ಹಾಕುವ ಬದಲು ಜವಾಬು ಕೇಳುತ್ತಾರೆ. ಬಾಯಿ ಬಿಡದಿದ್ದರೆ ಮುತ್ಯಾ ಇಲ್ಲೇ ಇರುತ್ತಾನೆ, ಇನ್ನೊಂದು ಬುಧವಾರ ಬರುತ್ತದೆ. ಕೊನೆಗೆ ಅವನಿಗೆ ಹೊಳೆದದ್ದು ಒಂದು ನಡುದಾರಿ: ತಾನು ಏನೂ ಹೇಳುವುದು ಬೇಡ. ಬೆಳಿಗ್ಗೆ ಕಾಯಿಸದಿದ್ದರಾಯಿತು. ಮೇಡಂ ಮುಂದೆ ಮುತ್ಯಾ ತಾನೇ ಮಲಗಲಿ. ಸತ್ಯ ಅವನ ಬಾಯಿಂದಲೇ ಬರಲಿ.

ತಪಾಸಣೆಯ ದಿನ ಪ್ರಜ್ಞಾ ಬಂದಾಗ ಹನ್ನೊಂದು ದಾಟಿತ್ತು. ಸುಣ್ಣ ಹೊಡೆಯುವವ ಮೂರು ಗೋಡೆ ಮುಗಿಸಿದ್ದ. ಮುತ್ಯಾನ ಹಿಂದಿನ ಇರುಕಿಗೆ ಅವನ ಕುಂಚ ಹೋಗಿರಲಿಲ್ಲ. ತಗಡಿನ ಕೆಳಗೆ ರೊಟ್ಟಿ ಸುಡುವಷ್ಟು ಕಾವು. ಪ್ರಜ್ಞಾ ದುಪಟ್ಟಾದಿಂದ ಹಣೆ ಒರೆಸಿಕೊಂಡು, "ಚಾಲೂ ಮಾಡ್ರಿ" ಎಂದಳು.

ಅನಿಲಕುಮಾರ ಹುಬ್ಬಿನಲ್ಲೇ ಕೇಳಿದ: ಕಾಯಿಸೀರಿ ಹೌದಲ್ಲೋ? ಹಣಮಂತ್ರಾಯ ಅತ್ತ ನೋಡಲಿಲ್ಲ. ಹ್ಯಾಂಡಲ್ ಹಾಕಿ, ಬೇಕೆಂದೇ ಅರ್ಧ ಮನಸ್ಸಿನಿಂದ ತಿರುವಿದ.

ಮುತ್ಯಾ ಗುಡುಗಿ ಎದ್ದು ಕುಳಿತ.

ಒಂದೇ ಹೊಡೆತ. ಮೇ ತಿಂಗಳ ಬಿಸಿಲು ಬೆಳಗಿನಿಂದ ತಗಡನ್ನು ಕಾಯಿಸಿ, ತಗಡು ಮುತ್ಯಾನನ್ನು ಕಾಯಿಸಿ, ಒಂದು ತಾಸಿನ ಕೆಲಸವನ್ನು ಸುಮ್ಮನೆ ಮಾಡಿಟ್ಟಿತ್ತು. ಇಷ್ಟು ಚೆಂದ ಅವನು ಹತ್ತು ವರ್ಷದಲ್ಲಿ ಎದ್ದಿರಲಿಲ್ಲ. ಪರಶು ಚಪ್ಪಾಳೆ ತಟ್ಟಿದ. ಅನಿಲಕುಮಾರನ ಮುಖ ಅರಳಿತು. "ಹ್ವಾದ ವರ್ಷಕ್ಕಿಂತ ಚಲೋ ಐತಲ್ರೀ" ಎನ್ನುತ್ತ ಪ್ರಜ್ಞಾ ಫೈಲು ತೆರೆದು, ಪೆನ್ನಿನ ಮುಚ್ಚಳ ತೆಗೆದಳು.

ಹಣಮಂತ್ರಾಯ ಆ ಪೆನ್ನನ್ನೇ ನೋಡುತ್ತ ನಿಂತ. ಮುತ್ಯಾನ ಮೇಲೆ ಹೊರೆಸಿ ಪಾರಾಗಬಹುದೆಂದಿದ್ದ. ಮುತ್ಯಾ ಹೊರೆಯನ್ನು ತಿರುಗಿ ಅವನ ತಲೆಯ ಮೇಲೇ ಇಟ್ಟಿದ್ದ. ಅವನು ಕೈ ಚಾಚಿ ಯಂತ್ರವನ್ನು ನಿಲ್ಲಿಸಿದ. ಇದ್ದಕ್ಕಿದ್ದಂತೆ ಕೋಣೆ ನಿಶ್ಶಬ್ದವಾಯಿತು.

"ಮೇಡಮ್ಮಾರ, ಬರೀಬ್ಯಾಡ್ರಿ."

"ಯಾಕ್ರಿ?"

"ಇದು ಸುಳ್ಳು ಐತ್ರಿ."

"ಯಾವದು?"

"ಮುತ್ಯಾ... ಅಲ್ರಿ, ಮುತ್ಯಾ ಅಲ್ಲ. ನಾ. ನಾ ಸುಳ್ಳು ಬರ್ಕೊಂತ ಬಂದೇನಿ."

ಅನಿಲಕುಮಾರ ಒಂದು ಹೆಜ್ಜೆ ಮುಂದೆ ಬಂದ. "ಮೇಡಂ, ಬಿಸಲಿಗೆ ಅವರಿಗೆ ಹ್ಯಾಂಗರ ಆಗಿರಬೇಕು. ಹಣಮಂತ್ರಾಯರ, ಹೊರಗ ಬರ್ರಿ, ನೀರು ಕುಡೀರಿ."

"ಬರ್ತೇನ್ರಿ ಸಾಹೇಬ್ರ. ಇದೊಂದು ತೋರಿಸಿ ಬರ್ತೇನಿ." ಅವನು ಪ್ರಜ್ಞಾಳ ಕಡೆ ತಿರುಗಿದ. "ನಿಮ್ಮ ಮೊಬೈಲಿನ ಬ್ಯಾಟರಿ ಹಚ್ಚರಿ. ಇದರ ಹಿಂದ ಬಿಡ್ರಿ."

ಪ್ರಜ್ಞಾ ಬೆಳಕು ಹಿಡಿದು, ಡೀಸೆಲ್ ಮೆತ್ತಿದ ಇರುಕಿನಲ್ಲಿ ಬಗ್ಗಿದಳು. ಮೂರು ಗೋಡೆ ಬೆಳ್ಳಗೆ ಹೊಳೆಯುತ್ತಿದ್ದವು. ನಾಲ್ಕನೆಯದು ನೆಲದಿಂದ ಎದೆಮಟ್ಟದವರೆಗೆ ಕರಿಗೆರೆಗಳಿಂದ ತುಂಬಿತ್ತು. ನಾಲ್ಕು ನಿಂತವು, ಒಂದು ಅಡ್ಡ. ಮತ್ತೆ ನಾಲ್ಕು ನಿಂತವು, ಒಂದು ಅಡ್ಡ.

"ಏನಿದು?"

"ಹತ್ತು ಸಲ ಹೊಡದ್ರೂ ಏಳದ ದಿನಾ ಒಂದು ಗೆರಿ ಹಾಕೇನ್ರಿ. ಬುಕ್ಕಿನ್ಯಾಗ ಹಾಕಿಲ್ಲ. ಬುಕ್ಕಿನ್ಯಾಗ ಸುಸ್ಥಿತಿ ಅಂತ ಐತಿ. ನೀವು ಬರೋ ಮುಂದ ತಾಸುಗಟ್ಟಲೆ ಕಾಯಿಸಿ ಇಡ್ತಿದ್ನಿ. ಹ್ವಾದ ವರ್ಷಾನೂ ಕಾಯಿಸಿದ್ನಿ. ಇವತ್ತು ಬಿಸಲು ಕಾಯಿಸೈತಿ."

ಅವಳು ತುಟಿಯಲ್ಲೇ ಎಣಿಸತೊಡಗಿದಳು. ನೂರರ ಹತ್ತಿರ ಬಂದು ಬಿಟ್ಟುಬಿಟ್ಟಳು. ಬೆಳಕು ತುದಿಗೆ ಹೋಗಿ ನಿಂತಿತು.

"ಈ ಕಡೀ ಗೆರಿ ಯಾಕ ಇಷ್ಟು ದಪ್ಪ ಐತಿ?"

"ಅದು ನಮ್ಮ ರಸೂಲಸಾಬನದ್ರಿ" ಎಂದ ಹಣಮಂತ್ರಾಯ. ಬುಧವಾರದ ಸಂಗತಿಯನ್ನು ಹೇಳಿದ. ಕೈ ಸುಟ್ಟದ್ದನ್ನು ಹೇಳಿದ. ನಿಮಿಷದ ಲೆಕ್ಕವನ್ನು ಅವನ ಬದಲು ಅನಿಲಕುಮಾರ ಹೇಳಿದ, ನೆಲ ನೋಡುತ್ತ, ಯಾರೂ ಕೇಳದೆಯೇ.

ಪ್ರಜ್ಞಾ ಹೊರಗೆ ಬಂದಳು. ಅವಳ ಬಿಳಿ ದುಪಟ್ಟಾಕ್ಕೆ ಮಸಿ ಹತ್ತಿತ್ತು. ಕಟ್ಟೆಯ ಮೇಲೆ ತನಗೆಂದು ಹಾಕಿದ್ದ ಕುರ್ಚಿಯನ್ನು ಎಳೆದು ಹಣಮಂತ್ರಾಯನನ್ನು ಕೂರಿಸಿ, ಚೀಲದಿಂದ ತನ್ನ ನೀರಿನ ಬಾಟಲಿ ತೆಗೆದು ಕೊಟ್ಟಳು.

"ಕುಡೀರಿ. ಆಮ್ಯಾಲೆ ಇದನ್ನೆಲ್ಲ ಬರದು ಕೊಡ್ರಿ. ಬರದು ಕೊಟ್ರ ನಿಮಗ ತ್ರಾಸು ಆಗ್ತೈತಿ, ಸುಳ್ಳು ಹೇಳಂಗಿಲ್ಲ. ಆದ್ರ ಬರದು ಕೊಡಲಿಲ್ಲಂದ್ರ ಹೊಸಾದು ಬರಂಗಿಲ್ಲ." ದುಪಟ್ಟಾದ ಮಸಿಯನ್ನು ನೋಡಿಕೊಳ್ಳುತ್ತ, "ಹ್ವಾದ ವರ್ಷ ಹಿಂದ ಬಗ್ಗಿ ನೋಡಿದ್ರ ನನಗೂ ಕಾಣ್ತಿತ್ತು. ನೋಡಲಿಲ್ಲ. ಅದನ್ನ ನಾ ಬರೀತೇನಿ" ಎಂದಳು.

ಅವಳು ಹೋದ ಮೇಲೆ ಅನಿಲಕುಮಾರ ಸಿಡಿದ. "ನಿಮಗ ನಾಕು ತಿಂಗಳು ಉಳದಾವು. ನನಗ ಇಪ್ಪತ್ತು ವರ್ಷ ಉಳದಾವ್ರೀ! ಆ ಬುಕ್ಕಿನ್ಯಾಗ ನನ್ನ ಸಹಿ ಇಲ್ಲೇನು?"

"ಐತ್ರಿ ಸಾಹೇಬ್ರ. ನಾ ಬರದದ್ದು ನಂಬಿ ಹಾಕೀರಿ ಅಂತ ಬರೀತೇನಿ."

"ಅವತ್ತಿಂದು ನಂಬಿ ಹಾಕಿದ್ನೇನು?" ಎಂದ ಅನಿಲಕುಮಾರ. ಧ್ವನಿ ಇಳಿದಿತ್ತು. "ಬಾಗಲದಾಗ ನಿಂತಿದ್ನಿ ನಾ."

ಮರುದಿನ ಬೆಳಿಗ್ಗೆ ಹಣಮಂತ್ರಾಯನ ಹೇಳಿಕೆಯ ಕೆಳಗೆ ಠಾಣಾಧಿಕಾರಿಯದೂ ನಾಲ್ಕು ಸಾಲು ಇತ್ತು. ಅನಿಲಕುಮಾರ ಆ ದಿನವೆಲ್ಲ ಅವನೊಂದಿಗೆ ಮಾತಾಡಲಿಲ್ಲ. ಚಹಾ ತರಿಸಿದಾಗ ಮಾತ್ರ ಅವನ ಕಪ್ಪನ್ನು ತಾನೇ ಅವನ ಮೇಜಿಗೆ ಸರಿಸಿದ.

ಆದರೆ ಹಣಮಂತ್ರಾಯ ಅದಕ್ಕೂ ಮುಂಚೆ, ತಪಾಸಣೆಯ ದಿನ ಸಂಜೆಯೇ, ರಸೂಲಸಾಬನ ಮನೆಗೆ ಹೋಗಿದ್ದ. ಸರಕಾರಕ್ಕೆ ತಿಳಿದದ್ದು ಅವನಿಗೆ ಬೇರೆಯವರ ಬಾಯಿಂದ ತಿಳಿಯಬಾರದು. ಶಮಶಾದಬಿ ಒಳಗೆ ಚಹಾಕ್ಕೆ ಇಟ್ಟಳು. ರಸೂಲಸಾಬ ಹೊರಸಿನ ಮೇಲೆ ಕುಳಿತಿದ್ದ. ಬಲಗೈ ತೊಡೆಯ ಮೇಲೆ, ಬೇರೆ ಯಾರದೋ ವಸ್ತುವಿನಂತೆ.

ಹಣಮಂತ್ರಾಯ ಎಲ್ಲವನ್ನೂ ಹೇಳಿದ. ಬುಕ್ಕು, ಕಾಯಿಸಿ ಇಟ್ಟದ್ದು, ಬೇರೆ ಊರಿಗೆ ಹೋದ ಹೊಸ ಜನರೇಟರು, ಮಾರ್ಚಿಯ ಬುಧವಾರ.

ರಸೂಲಸಾಬ ಎಡಗೈಯಿಂದ ಬಲಗೈಯನ್ನು ಸರಿಸಿಕೊಂಡ. ಆಮೇಲೆ ಮೆಲ್ಲನೆ ಅಂದ: "ನಾ ಹತ್ತು ನಿಮಿಷ ಹೊರಗಽ ನಿಂತಿದ್ನೋ ಹಣಮಂತಾ. ಒಳಗ ಹೋಗಬ್ಯಾಡ ಅಂತ ಮಂದಿ ಹಿಡಿದಿದ್ರು. ನಾ ಏನಂದೆ ಗೊತ್ತೈತಿ? ಠಾಣೆ ಇಲ್ಲೇ ಐತಿ, ಹಣಮಂತ ಬಂದಽ ಬರ್ತಾನ ಅಂದೆ. ಬರಲಿಲ್ಲ ನೀ. ಆಮ್ಯಾಲೆ ಹ್ವಾದೆ."

ಹಣಮಂತ್ರಾಯ ತಲೆ ತಗ್ಗಿಸಿದ.

"ಒಟ್ಟು ಎಷ್ಟು ಹೊತ್ತು ಆಗಿತ್ತು?"

ಅದಕ್ಕೆ ಅವನ ನಾಲಗೆ ಏಳಲಿಲ್ಲ.

"ಹೋಗು" ಎಂದ ರಸೂಲಸಾಬ. "ಇವತ್ತು ಹೋಗು."

ಅವನು ಎದ್ದು ಅಂಗಳ ದಾಟಿ, ಸುಟ್ಟ ಅಂಗಡಿಯ ಕರಿ ಗೋಡೆ ದಾಟಿ, ಬೀದಿಗೆ ಬಂದ. ಹಿಂದೆ ಯಾರೋ ಬಂದ ಸಪ್ಪಳವಾಯಿತು. ಶಮಶಾದಬಿ. ಅವನು ಬಾಗಿಲಲ್ಲೇ ಮರೆತು ಬಂದಿದ್ದ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದಿದ್ದಳು. ಅವನ ಕಾಲ ಮುಂದೆ ಜೋಡಿಸಿಟ್ಟು, ತಿರುಗಿ ಹೋದಳು. ಕಣ್ಣು ತುಂಬಿದ್ದರಿಂದ ಅವನಿಗೆ ಎಡ ಯಾವುದು ಬಲ ಯಾವುದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಮುಂದಿನ ಶುಕ್ರವಾರ ಗೇಟಿಗೆ ಆ ಮನೆಯಿಂದ ಯಾರೂ ಬರಲಿಲ್ಲ. ಅದರ ಮುಂದಿನ ಶುಕ್ರವಾರವೂ ಬರಲಿಲ್ಲ. ನೋಟೀಸು ಮಾತ್ರ ಬಂತು. ಹಣಮಂತ್ರಾಯ ಜವಾಬು ಬರೆದ. ವಿಚಾರಣೆ ಮುಗಿಯುವವರೆಗೆ ನಿವೃತ್ತಿಯ ಕಾಗದಗಳು ಮುಂದೆ ಹೋಗುವುದಿಲ್ಲವೆಂದು ತಿಳಿಯಿತು. ಚನ್ನವ್ವ ಅದನ್ನು ಕೇಳಿ, "ಇರ್ಲಿ, ಅಷ್ಟು ದಿನಾ ರೊಟ್ಟಿಗೆ ಎಣ್ಣಿ ಸವರಂಗಿಲ್ಲ" ಎಂದಳು, ಆದರೂ ಸವರಿದಳು.

ಶ್ರಾವಣದ ಶುರುವಿನಲ್ಲಿ ಹೊಸ ಜನರೇಟರು ಬಂತು. ಹಳದಿ ಪೆಟ್ಟಿಗೆಯಂತಿದ್ದ ಅದಕ್ಕೆ ಹ್ಯಾಂಡಲ್ಲೇ ಇರಲಿಲ್ಲ. ಕರೆಂಟು ಹೋದರೆ ತಾನೇ ತಿಳಿದುಕೊಂಡು ತಾನೇ ಏಳುತ್ತದಂತೆ. ಕೂರಿಸಲು ಬಂದವರು ಮುತ್ಯಾನ ಬೋಲ್ಟು ಬಿಚ್ಚಿ, ಸರಪಳಿ ಹಾಕಿ, ಟ್ರ್ಯಾಕ್ಟರಿಗೆ ಏರಿಸಿದರು. ಪರಶು ನಗೆಯಾಡಲು ಬಾಯಿ ತೆರೆದವನು ಹಣಮಂತ್ರಾಯನ ಮುಖ ನೋಡಿ ಮುಚ್ಚಿಕೊಂಡು, ತನ್ನ ಟವೆಲಿನಿಂದ ಮುತ್ಯಾನ ಮೇಲಿನ ಧೂಳು ಒರೆಸಿದ. ಖಾಲಿಯಾದ ಕೋಣೆಯಲ್ಲಿ ಹಿಂದಿನ ಗೋಡೆ ಪೂರ್ತಿ ಬಯಲಾಗಿ ನಿಂತಿತು.

"ಸುಣ್ಣಾ ಹೊಡಸೂಣೇನ್ರಿ?" ಎಂದು ಕೂರಿಸುವವ ಕೇಳಿದ.

"ಬ್ಯಾಡ. ಹಂಗಽ ಇರ್ಲಿ" ಎಂದದ್ದು ಅನಿಲಕುಮಾರ.

ಅದಾದ ಎಂಟನೇ ದಿನ ರಸೂಲಸಾಬನ ಮಗಳು ಅಫ್ರೀನ, ಸಿಂದಗಿಯಲ್ಲಿ ಬಿ.ಎಡ್. ಓದುತ್ತಿದ್ದವಳು, ಬಸ್ಸಿನಿಂದಿಳಿದು ನೇರ ಠಾಣೆಗೆ ಬಂದಳು.

"ಕಾಕಾ, ಅಬ್ಬಾ ಕರದಾರ್ರಿ. ಡ್ಯೂಟಿ ಮುಗದ ಮ್ಯಾಲೆ ಬರ್ಬೇಕಂತ."

"ಯಾಕವ್ವಾ?"

"ಗಾದಿ ಹೊಲ್ಯಾಕ. ಮದವಿ ಮನಿಯವರ ಎರಡು ಗಾದಿ ಸುಟ್ಟು ಹ್ವಾದವಲ್ರಿ, ಅವಕ್ಕ ಬದಲಿ ಹೊಲದು ಕೊಡಬೇಕಂತ. ನನ್ನ ಕೈಲೆ ದಪ್ಪ ಸೂಜಿ ದಾಟವಲ್ದು. ಅಮ್ಮಿ ಕೈಲೆನೂ ಆಗವಲ್ದು." ಅವಳು ಗೇಟಿನ ಕಡೆ ತಿರುಗುತ್ತ, "ಅಬ್ಬಾ ಇನ್ನೂ ಸಿಟ್ಟಿನ್ಯಾಗಽ ಅದಾರ್ರಿ. ಹೇಳೇನಿ ನೋಡ್ರಿ ನಿಮಗ" ಎಂದಳು.

ಅವನು ಹೋದ. ರಸೂಲಸಾಬ ಬಾ ಎನ್ನಲಿಲ್ಲ, ಕೂಡು ಎನ್ನಲಿಲ್ಲ. ಗಾದಿಯ ಕಡೆ ಗದ್ದ ತೋರಿಸಿದ. ಹತ್ತಿ ತುಂಬಿ ಉಬ್ಬಿದ್ದ ಗಾದಿಯ ನಡುವೆ ಸಾಲಾಗಿ ಟಾಕಿ, ಎಂದರೆ ದಪ್ಪ ದಾರದ ಹೊಲಿಗೆ, ಹಾಕಬೇಕು. ಗೇಣುದ್ದದ ಸೂಜಿ ಮೇಲಿಂದ ಇಳಿದು ಕೆಳಗಿಂದ ಬರಬೇಕು.

"ಟಾಕಿ ಉದ್ದಾತು. ಬಿಚ್ಚು."

ಬಿಚ್ಚಿದ.

"ಈಗ ಗಿಡ್ಡಾತು. ಎತ್ತು ಹೂಡ್ತೀಯೇನು, ಗಾದಿ ಹೊಲೀತಿಯೋ?"

ಹಣಮಂತ್ರಾಯನ ಬೆರಳಿಗೆ ಮೂರು ಸಲ ಚುಚ್ಚಿತು. ಶಮಶಾದಬಿ ಒಳಗಿನಿಂದ ಬಂದು ಒಂದು ಹಳೆಯ ತೊಗಲಿನ ತುಂಡನ್ನು ಅವನ ಮೊಣಕಾಲ ಹತ್ತಿರ ಇಟ್ಟು ಹೋದಳು, ಅಂಗೈಗೆ ಕಟ್ಟಿಕೊಳ್ಳಲಿ ಎಂದು. ಅದು ರಸೂಲಸಾಬನದೇ. ಅವನು ನೋಡಿದ, ಬೇಡ ಎನ್ನಲಿಲ್ಲ.

ಹೀಗೆ ನಾಲ್ಕು ಸಂಜೆ ನಡೆಯಿತು. ಟಾಕಿಯ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಐದನೆಯ ಸಂಜೆ, ಎರಡನೇ ಗಾದಿಯ ಕಡೆಯ ಸಾಲು ಉಳಿದಿರುವಾಗ, ಮೋಡ ಕವಿದು ಗಾಳಿ ಎದ್ದು, ಊರಿನ ಕರೆಂಟು ಪಟ್ಟನೆ ಹೋಯಿತು. ಸೂಜಿ ಹಣಮಂತ್ರಾಯನ ಕೈಯಲ್ಲಿ ನಿಂತಿತು. ಅರೆಗತ್ತಲಲ್ಲಿ ರಸೂಲಸಾಬ ಕಿವಿ ನಿಮಿರಿಸಿ, ಉಸಿರಿನಲ್ಲೇ ಎಣಿಸುತ್ತಿದ್ದ. ಒಂದು. ಎರಡು. ಮೂರು.

ಠಾಣೆಯ ಕಡೆಯಿಂದ ಗುಂಯ್ ಎಂಬ ಸಣ್ಣ, ಸಮನಾದ ಸದ್ದು ಬಂತು.

"ಎಂಟು" ಎಂದ ರಸೂಲಸಾಬ. "ಎಂಟಽ ಎಣಿಕಿಗೆ ಎದ್ದಿತು." ಆಮೇಲೆ, ಮುಖ ತಿರುಗಿಸದೆ: "ಅವತ್ತು?"

ಈ ಸಲ ಹಣಮಂತ್ರಾಯ ತಡೆಯಲಿಲ್ಲ. "ಹತ್ತೊಂಬತ್ತು ನಿಮಿಷ."

ಹೊರಗೆ ಮಳೆಯ ಮೊದಲ ಹನಿಗಳು ತಗಡಿನ ಮೇಲೆ ಬಿದ್ದವು. ಹತ್ತೊಂಬತ್ತರಲ್ಲಿ ಹತ್ತು ಕಳೆಯುವವನಂತೆ ರಸೂಲಸಾಬ ತನ್ನ ಬಲಗೈ ನೋಡುತ್ತ ಕುಳಿತ. ಅವನು ಮಾಫಿ ಎನ್ನಲಿಲ್ಲ. ಹಣಮಂತ್ರಾಯ ಕೇಳಲೂ ಇಲ್ಲ. ಶಮಶಾದಬಿ ದೀಪ ಹಚ್ಚಿ ತಂದು ಇಬ್ಬರ ನಡುವೆ ಇಟ್ಟಳು.

"ಹೊಲಿ" ಎಂದ ರಸೂಲಸಾಬ. "ಒಂದು ಸಾಲು ಉಳದೈತಿ."

ಹಣಮಂತ್ರಾಯ ಸೂಜಿ ಎತ್ತಿದ. ರಸೂಲಸಾಬ ಹೊರಸಿನಿಂದ ಇಳಿದು ಎದುರಿಗೆ ಕುಳಿತು, ಬೆರಳು ಬಗ್ಗದ ಆ ಕೈಯನ್ನು ಗಾದಿಯ ಅಂಚಿನ ಮೇಲೆ ಒತ್ತಿ ಹಿಡಿದ, ಬಟ್ಟೆ ಸರಿಯದ ಹಾಗೆ.